ಮನಿ ಯಾರದು, ಕನಸು ಯಾರದು?

ಹೊಸದಾಗಿ ಪದವಿ ಪಡೆದ ಆರ್ಕಿಟೆಕ್ಟ್ ಒಬ್ಬನನ್ನು ಕೇಳಿ ನೋಡಿ. ನಿನಗೆ ಸ್ಫೂರ್ತಿ ಏನು? ನಿನ್ನ ಮೌಲ್ಯ ಯಾವುದು? ನಿನ್ನ ಕನಸೇನು? ಉತ್ತರ ಬಾಯಿಪಾಠದಂತೆ ಬರುತ್ತದೆ. ಸ್ಫೂರ್ತಿ ನಮ್ಮ ಪರಂಪರೆ. ಮೌಲ್ಯ ನಿಸರ್ಗದ ಜೊತೆ ಬದುಕುವುದು. ಕನಸು ಸ್ವಂತದ್ದೊಂದು ಆಫೀಸು, ಹೆಸರು, ಪ್ರಶಸ್ತಿ. ಮಾತು ಚೆಂದ ಅದಾವು. ಆದರೆ ಈ ಮಾತುಗಳ ಒಳಗೆ ಯಾರ ಮನಿ ಐತಿ, ಯಾರ ಮನಿ ಇಲ್ಲ ಅನ್ನೋದನ್ನು ನಾವು ಕೇಳಲೇಬೇಕು. ಯಾಕೆಂದರೆ ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರುಗಳ ಕೇರಿಯ ಮಕ್ಕಳೂ ಈ ಓದಿಗೆ ಹೋಗಬೇಕು. ಅವರ ಕೈಗೂ ಇದೇ ಬಾಯಿಪಾಠ ಕೊಟ್ಟು ಕಳಿಸೋದೇನು?

ಮೊದಲು ಪರಂಪರೆಯ ಮಾತು. ವರಾಹಮಿಹಿರನ ಬೃಹತ್ಸಂಹಿತೆ ತೆಗೆಯಿರಿ. ಬಿಳಿ ಮಣ್ಣು ಬ್ರಾಹ್ಮಣನಿಗೆ, ಕೆಂಪು ಕ್ಷತ್ರಿಯನಿಗೆ, ಹಳದಿ ವೈಶ್ಯನಿಗೆ, ಕಪ್ಪು ಶೂದ್ರನಿಗೆ. ವರ್ಣ ಇಳಿದ ಹಾಗೆ ಮನೆಯ ಅಳತೆಯೂ ಇಳಿಯುತ್ತದೆ. ಈ ಲೆಕ್ಕ ಹಿಡಿದರೆ ನವಲಗುಂದ, ಅಣ್ಣಿಗೇರಿಯ ಎರೆಮಣ್ಣಿನ ಮೇಲೆ ಮೇಲ್ಜಾತಿಯವರ ಒಂದು ವಾಡೆಯೂ ಏಳಬಾರದಿತ್ತು. ಎದ್ದಾವಲ್ಲ! ಶಾಸ್ತ್ರ ಮೇಲಿನವರಿಗೆ ಸಡಿಲ, ಕೆಳಗಿನವರಿಗೆ ಬಿಗಿ. ಕೌಟಿಲ್ಯನ ಅರ್ಥಶಾಸ್ತ್ರ ಚಂಡಾಲರ ವಾಸಕ್ಕೆ ತೋರಿಸಿದ ಜಾಗ ಸ್ಮಶಾನದ ಅಂಚು. ಇದು ನಮ್ಮ ಪರಂಪರೆಯ ನಗರ ಯೋಜನೆ. ಕೇರಿ ತಾನಾಗಿ ಊರ ಹೊರಗೆ ಹುಟ್ಟಿದ್ದಲ್ಲ. ನಕ್ಷೆ ಹಾಕಿ ಹೊರಗೆ ಇಟ್ಟದ್ದು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಈ ಹಳ್ಳಿಯ ವೈಭವದ ಮುಖವಾಡವನ್ನು ಕಿತ್ತು ಹಾಕಿದರು. ಹಳ್ಳಿಯನ್ನು ಹೊಗಳಿದವರು ಅಂದು ಸಿಟ್ಟಾದರು. ಇಂದಿಗೂ ಸಿಟ್ಟಾಗುತ್ತಾರೆ. ವಾಡೆಯ ಕಂಬ, ತೊಲೆ, ಪಡಸಾಲೆಯ ಚಿತ್ರ ಬರೆದುಕೊಂಡು ಬರುವ ವಿದ್ಯಾರ್ಥಿ ಆ ಪಡಸಾಲೆ ಯಾರನ್ನು ಅಂಗಳದಲ್ಲೇ ನಿಲ್ಲಿಸಿತು ಎಂಬುದನ್ನೂ ಬರೆದುಕೊಂಡು ಬರಲಿ. ಆ ಕಲ್ಲು ಒಡೆದವರು ಯಾರು, ಮಣ್ಣು ತುಳಿದವರು ಯಾರು, ಕಟ್ಟಿ ಮುಗಿದ ಮೇಲೆ ಒಳಗೆ ಬಾ ಅನಿಸಿಕೊಳ್ಳದವರು ಯಾರು?

ಎರಡನೆಯದು ನಿಸರ್ಗ. ಈಗ ಮಣ್ಣಿನ ಮನೆಯ ಹುಚ್ಚು ಎದ್ದಿದೆ. ಇದಕ್ಕೆ ಲಾರಿ ಬೇಕರ್ ಅವರ ಹೆಸರು ಹೇಳುತ್ತಾರೆ. ಬೇಕರ್ ಇಂಗ್ಲೆಂಡಿನಲ್ಲಿ ಹುಟ್ಟಿ, 2007ರಲ್ಲಿ ತೀರಿಕೊಳ್ಳುವವರೆಗೆ ಕೇರಳದಲ್ಲಿ ಬಡವರಿಗಾಗಿ ಕಡಿಮೆ ಖರ್ಚಿನ ಮನೆ ಕಟ್ಟಿದ ದೊಡ್ಡ ಜೀವ. ಮನೆಯ ಸಾಮಾನು ಐದು ಮೈಲಿಯೊಳಗೆ ಸಿಗಬೇಕು ಎಂಬ ಗಾಂಧಿಯ ಮಾತನ್ನು ಕೆಲಸ ಮಾಡಿ ತೋರಿಸಿದವರು. ಅವರ ಹೆಸರಿನಲ್ಲಿ ಈಗ ಏನು ನಡೆದಿದೆ? ಸಾಹುಕಾರನ ತೋಟದ ಬಂಗಲೆಗೆ ಮಣ್ಣಿನ ಗೋಡೆ! ಬಡವನ ಮಣ್ಣು ಉಳ್ಳವನ ಶೋಕಿ ಆಯಿತು. ಆ ಶೋಕಿ ಕಟ್ಟಿ ಬಂದವನೇ ಕೇರಿಗೆ ಬಂದು, ಸಿಮೆಂಟು ಯಾಕೆ, ಮಣ್ಣೇ ತಂಪು ಅಂತ ಬುದ್ಧಿ ಹೇಳತಾನ.

ಮಣ್ಣಿನ ಮನಿ ತಂಪು ಅನ್ನೋರು ಸೋರುವ ಮ್ಯಾಳಿಗೆ ಕೆಳಗ ಒಂದು ಶ್ರಾವಣ ಮಲಗಿ ಏಳಲಿ. 2019ರ ಆಗಸ್ಟಿನ ಮಳೆ, ನೆರೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ಕುಸಿದು ಬಿದ್ದವು. ಬಿದ್ದದ್ದು ಯಾರ ತಲೆಯ ಮೇಲೆ? ಸ್ಲ್ಯಾಬ್ ಬೇಕು ಅಂತ ಕೇರಿಯ ಮನುಷ್ಯ ಕೇಳಿದರೆ ಅದು ರುಚಿಗೇಡಿತನವಲ್ಲ. ಗೋಡೆ ಬೀಳದ ಮನೆಯಲ್ಲಿ ಒಂದು ರಾತ್ರಿ ನಿದ್ದೆ ಮಾಡುವ ಹಕ್ಕು ಅದು.

ಮಣ್ಣು ತಪ್ಪು ಅಂತ ನಾವು ಹೇಳತಿಲ್ಲ. ವಿದ್ಯೆ ಇಲ್ಲದ ಮಣ್ಣು ಬಡವನ ಪಾಲಿಗೆ ಬಂತು, ವಿದ್ಯೆ ಸೇರಿದ ಮಣ್ಣು ಉಳ್ಳವನ ಪಾಲಿಗೆ ಹೋಯಿತು ಎಂಬುದೇ ನಮ್ಮ ತಕರಾರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ಹಳ್ಳಿಯವರಿಗಾಗಿಯೇ ಕೆಲಸ ಶುರು ಮಾಡಿತು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿ ಇಟ್ಟಿಗೆ ಮಾಡುವುದನ್ನು ಕಲಿಸಿತು. ಕೆಂಪು, ಮರಳು ಮಣ್ಣಿಗೆ ಆ ಇಟ್ಟಿಗೆ ಒಗ್ಗುತ್ತದೆ. ಎರೆಮಣ್ಣು ಹಾಗಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಸೀಳುತ್ತದೆ. ಅಲ್ಲಿ ಪಾಯ ಆಳಕ್ಕೆ ಇಳಿಯಬೇಕು, ಗರಸು ತುಂಬಬೇಕು. ಯಾವ ಮಣ್ಣಿಗೆ ಯಾವ ಪಾಯ ಅಂತ ಕೇರಿಯ ಅಂಗಳದಾಗ ಕೂತು ಹೇಳುವ ಆರ್ಕಿಟೆಕ್ಟ್ ಎಲ್ಲಿದ್ದಾನೆ?

ಕೂತು ಹೇಳಿದರೂ ಸಾಲದು, ಕೇಳಬೇಕು. ಈಜಿಪ್ಟಿನ ಹಸನ್ ಫಾತಿ 1940ರ ದಶಕದಲ್ಲಿ ಲಕ್ಸರ್ ಹತ್ತಿರ ಗುರ್ನಾ ಜನರಿಗಾಗಿ ಮಣ್ಣಿನ ಇಟ್ಟಿಗೆಯ ಹೊಸ ಊರು ಕಟ್ಟಿದ. ಜಗತ್ತು ಹೊಗಳಿತು. ಆದರೆ ಗುರ್ನಾದ ಬಹುಪಾಲು ಜನ ಅಲ್ಲಿಗೆ ಹೋಗಲಿಲ್ಲ. ಅವರನ್ನು ಎಬ್ಬಿಸಬೇಕು ಎಂದು ಮೊದಲೇ ತೀರ್ಮಾನಿಸಿದ್ದು ಸರಕಾರ. ಅವರ ದುಡಿಮೆ ಹಳೆಯ ಜಾಗದಲ್ಲಿತ್ತು. ಬಡವರ ಮೇಲೆ ಪ್ರೀತಿ ಇದ್ದವನಿಗೇ ಹೀಗಾದರೆ ಪ್ರೀತಿ ಇಲ್ಲದವರ ಗತಿ?

ಇನ್ನು ಮೌಲ್ಯ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. 19 ಜನ ಸತ್ತರು. ಮೌಲ್ಯದ ಬಗ್ಗೆ ಭಾಷಣ ಮಾಡುವ ಪ್ರತಿಯೊಬ್ಬನೂ ಆ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲಿ. ಕಟ್ಟುವ ವಿದ್ಯೆಯಲ್ಲಿ ಸೌಂದರ್ಯಕ್ಕಿಂತ ಮೊದಲು ಬರುವುದು ಒಳಗಿರುವವನ ಜೀವ. ರೊಕ್ಕ ಕೊಟ್ಟವನು ಕೇಳಿದ ಕಡೆ ಸಹಿ ಹಾಕದ ಕೈ, ಅದು ಮೌಲ್ಯ. ಬುಟ್ಟಿ ಹೊರುವ ಹೆಣ್ಣಾಳಿಗೆ ಗಂಡಾಳಿನ ಸಮ ಕೂಲಿ ಕೊಡಿಸುವ ಬಾಯಿ, ಅದು ಮೌಲ್ಯ. 1972ರ ಕಾಯ್ದೆಯ ಪ್ರಕಾರ ನೋಂದಣಿ ಆದವನು ಮಾತ್ರ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಬಹುದು. ಆಗಲಿ. ಆದರೆ ಮನೆ ನಿಂತಿರುವುದು ಹೆಸರಿಲ್ಲದ ಗೌಂಡಿಯ ಕೈಯಿಂದ. ಆ ಕೈಯನ್ನು ಗುರು ಎನ್ನದ ಪದವಿ ಬರೀ ಕಾಗದ.

ಕಡೆಯದು ಕನಸು. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಶುರುವಾದಾಗ ಅದು ಪರಿಶಿಷ್ಟ ಜಾತಿ, ಪಂಗಡ ಮತ್ತು ಬಿಡುಗಡೆಯಾದ ಜೀತದಾಳುಗಳಿಗೆ ಮೀಸಲಾಗಿತ್ತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಬಂತು. ಮನೆಗೆ ಕನಿಷ್ಠ 25 ಚದರ ಮೀಟರ್, ಬಯಲು ಸೀಮೆಗೆ ಕೇಂದ್ರದ ಯೋಜನೆಯ ನೆರವು 1.20 ಲಕ್ಷ ರೂಪಾಯಿ. ಈ 25 ಚದರ ಮೀಟರಿನಲ್ಲಿ ಒಲಿ ಎಲ್ಲಿ? ಬಚ್ಚಲ ಎಲ್ಲಿ? ಬಾಣಂತಿ ಎಲ್ಲಿ ಮಲಗಬೇಕು? ಮಗು ಎಲ್ಲಿ ಕೂತು ಓದಬೇಕು? ಇದಕ್ಕಿಂತ ಕಠಿಣವಾದ ಪ್ರಶ್ನೆ ಯಾವ ಬಂಗಲೆಯ ನಕ್ಷೆಯಲ್ಲಿದೆ ಹೇಳ್ರಿ. ಇಲ್ಲಿ ಮಾತ್ರ ಯಾವ ಪ್ರತಿಭೆಯೂ ಇತ್ತ ತಲೆ ಹಾಕುವುದಿಲ್ಲ!

ಹಾಕಿದವರೂ ಇದ್ದಾರೆ. ಬಾಲಕೃಷ್ಣ ದೋಶಿ 1980ರ ದಶಕದಲ್ಲಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಡವರಿಗೆ ನಿವೇಶನ, ಅಡಿಪಾಯ, ನೀರು, ಶೌಚದ ವ್ಯವಸ್ಥೆ ಒದಗಿಸಿ, ಮುಂದಿನದನ್ನು ಅವರವರ ಗಳಿಕೆಗೆ ತಕ್ಕಂತೆ ಅವರೇ ಕಟ್ಟಿಕೊಳ್ಳಲು ಬಿಟ್ಟರು. ಜಗತ್ತಿನ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್ಕರ್ 2018ರಲ್ಲಿ ಅವರಿಗೆ ಬಂತು. ಬಡವರ ಮನೆ ಕಟ್ಟಿದರೆ ಹೆಸರು ಬರುವುದಿಲ್ಲ ಎನ್ನುವವರು ಇದನ್ನು ಓದಿಕೊಳ್ಳಲಿ.

ಆದರೆ ನಮ್ಮ ಮಕ್ಕಳಿಗೆ ಸ್ಫೂರ್ತಿ ಇನ್ನೂ ಹತ್ತಿರದಲ್ಲಿದೆ. 1917ರಲ್ಲಿ ಬರೋಡಾದಲ್ಲಿ ಅಂಬೇಡ್ಕರ್ ಅವರಿಗೆ ತಲೆ ಇಡಲು ಜಾಗ ಸಿಗಲಿಲ್ಲ. ವಿದೇಶದಲ್ಲಿ ಓದಿ ಬಂದವರನ್ನು ಪಾರ್ಸಿ ಛತ್ರದಿಂದ ಕೋಲು ಹಿಡಿದು ಹೊರಗೆ ಹಾಕಿದರು. ಅದೇ ಮನುಷ್ಯ 1930ರ ದಶಕದಲ್ಲಿ ಮುಂಬಯಿಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ಸಂಪತ್ತು ಮೆರೆಸಲು ಅಲ್ಲ, ಪುಸ್ತಕಗಳಿಗಾಗಿ. ಹೆಸರನ್ನು ತಂದದ್ದು ಬುದ್ಧನ ಕಾಲದ ನಗರದಿಂದ. ಬಾಡಿಗೆಗೆ ಕೋಣೆ ಸಿಗದವನು ಪುಸ್ತಕಕ್ಕೆ ಮನೆ ಕಟ್ಟಿದ ಈ ಕತೆಯನ್ನು ಯಾವ ಆರ್ಕಿಟೆಕ್ಚರ್ ತರಗತಿಯಲ್ಲಿ ಮೊದಲ ಪಾಠವಾಗಿ ಹೇಳುತ್ತಾರೆ?

ಆದ್ದರಿಂದ ಗೆಳೆಯರೆ, ಮಾಸ್ತರರೆ, ಕೆಲಸ ನಮ್ಮಿಂದಲೇ ಶುರುವಾಗಲಿ. ಶಾಲೆಯ ಮಕ್ಕಳ ಕೈಗೆ ಟೇಪು ಕೊಡಿ. ಕೇರಿಯ ಮನೆಗಳನ್ನು ಅಳೆಯಲಿ. ಊರ ನಕ್ಷೆ ಬರೆಯಲಿ: ನೀರು ಎಲ್ಲಿ, ದೀಪ ಎಲ್ಲಿ, ಚರಂಡಿಯ ನೀರು ಎತ್ತ ಹರಿಯುತ್ತದೆ. ಆ ನಕ್ಷೆಯನ್ನು ಗ್ರಾಮಸಭೆಯ ಮೇಜಿನ ಮೇಲೆ ಇಡಿ. ಹೊಸ ನಿವೇಶನ ಕೊಡುವುದಾದರೆ ಊರ ಹೊರಗಿನ ತಗ್ಗಿನಲ್ಲಿ ಬೇಡ, ಊರ ನಡುವೆ ಕೊಡಿ ಎಂದು ಬರೆದುಕೊಡಿ. ದುಮ್ಮವಾಡದ ಹತ್ತಿರದ ನೀರಸಾಗರದಿಂದ ದಶಕಗಟ್ಟಲೆ ಹುಬ್ಬಳ್ಳಿಗೆ ನೀರು ಹೋಯಿತು. ಹುಬ್ಬಳ್ಳಿಯ ಕಾಲೇಜುಗಳಲ್ಲಿ ಕಟ್ಟುವ ವಿದ್ಯೆ ಕಲಿಯುತ್ತಿರುವವರೇ, ಆ ನೀರಿನ ಋಣ ನಿಮ್ಮ ಮೇಲೆ ಐತಿ. ನಿಮ್ಮ ಮೊದಲ ನಕ್ಷೆ ಕೇರಿಯ ಒಂದು ಮನೆಯದ್ದಾಗಲಿ. ಬರುವಾಗ ಬಣ್ಣದ ಚಿತ್ರ ತರಬೇಡಿ. ಆ ಮನೆಯ ಹೆಣ್ಣುಮಗಳನ್ನು ಮೊದಲು ಕೇಳಿ: ಅವ್ವಾ, ಬಚ್ಚಲ ಎಲ್ಲಿ ಇರಬೇಕು?