ರುಜು ಬಿದ್ದ ದಿನವೇ ಹಕ್ಕು ಹೋಯಿತು

“ಪಹಣಿಯಲ್ಲಿ ಇನ್ನೂ ನನ್ನ ಹೆಸರೇ ಇದೆಯಲ್ಲ!” ಸಿದ್ಧಕಟ್ಟೆಯ ಸುತ್ತಿನ ಮನೆಗಳಲ್ಲಿ ಈ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಮಗನಿಗೆ ದಾನಪತ್ರ ಬರೆದುಕೊಟ್ಟ ಮುದುಕ, ಅಣ್ಣನಿಗಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆರಳೊತ್ತಿದ ತಂಗಿ, ಇವರ ಧೈರ್ಯವೆಲ್ಲ ಆ ಒಂದು ಹಾಳೆಯ ಮೇಲೆ ನಿಂತಿದೆ. ಹೆಸರು ಬದಲಾಗುವ ತನಕ ಜಾಗ ತಮ್ಮದೇ, ಮನಸ್ಸು ತಿರುಗಿದರೆ ಹಿಂದೆ ಪಡೆಯಬಹುದು ಎಂದು ಅವರ ನಂಬಿಕೆ. ಈ ನಂಬಿಕೆ ಸುಳ್ಳು. ಸುಳ್ಳೆಂದು ಹೇಳಬೇಕಾದವರು ಬಾಯಿ ಬಿಡುತ್ತಿಲ್ಲ.

ಕಾನೂನು ಹೇಳುವುದೇನು? 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ದಾನಿಯ ರುಜುವಿರುವ, ಇಬ್ಬರಾದರೂ ಸಾಕ್ಷಿ ಹಾಕಿದ, ನೋಂದಾವಣೆಯಾದ ಪತ್ರ ಬೇಕು. ದಾನಿ ಬದುಕಿರುವಾಗಲೇ ಪಡೆಯುವವನು ಅದನ್ನು ಒಪ್ಪಿಕೊಂಡಿರಬೇಕು. (ಮುಸ್ಲಿಂ ಬಾಂಧವರ ಹಿಬಾಕ್ಕೆ ನೋಂದಾವಣೆ ಕಡ್ಡಾಯವಲ್ಲ, ಕೊಟ್ಟೆನೆಂಬ ಮಾತು, ಒಪ್ಪಿಗೆ, ಸ್ವಾಧೀನ ಈ ಮೂರೂ ಇರಬೇಕು.) ನೋಂದಾವಣೆಯಾಗದ ದಾನಪತ್ರದಿಂದ ಹಕ್ಕು ದಾಟುವುದಿಲ್ಲ. ಆದರೆ ನೋಂದಾವಣೆ ಆಯಿತೋ, 1908ರ ನೋಂದಣಿ ಕಾಯಿದೆಯ 47ನೆಯ ಕಲಮು ಆ ಪತ್ರವನ್ನು ಹಿಂದಕ್ಕೆ ಒಯ್ಯುತ್ತದೆ. ಪತ್ರದಲ್ಲಿ ಬೇರೆ ದಿನವನ್ನು ಹೇಳಿರದಿದ್ದರೆ ಅದು ಜಾರಿಗೆ ಬರುವುದು ಕಚೇರಿಯ ಪುಸ್ತಕಕ್ಕೆ ಏರಿದ ದಿನದಿಂದಲ್ಲ, ರುಜು ಹಾಕಿದ ದಿನದಿಂದ. ಪತ್ರವನ್ನು ಹಾಜರುಪಡಿಸಲು ನಾಲ್ಕು ತಿಂಗಳ ಅವಕಾಶವಿದೆ. ಇಂದು ರುಜು, ಮೂರು ತಿಂಗಳ ಮೇಲೆ ನೋಂದಾವಣೆ ಎಂದಾದರೆ ಹಕ್ಕು ಇಂದೇ ಹೋಯಿತು. ನಡುವೆ ದಾನಿ ಬೇಡವೆಂದರೂ, ಪಡೆಯುವವನು ಒಪ್ಪಿಕೊಂಡಿದ್ದ ಮೇಲೆ ಆ ಮಾತು ನಡೆಯದೆಂದು ಪ್ರೀವಿ ಕೌನ್ಸಿಲಿನ ಕಾಲದಿಂದಲೂ ತೀರ್ಪಿದೆ.

ಹಾಗಾದರೆ ಪಹಣಿ? ಅದು ಕಂದಾಯದ ದಾಖಲೆ. 1964ರ ಭೂಕಂದಾಯ ಕಾಯಿದೆ ಅದನ್ನು ತಪ್ಪೆಂದು ತೋರಿಸುವ ತನಕ ನಿಜವೆಂದು ಭಾವಿಸುತ್ತದೆ, ಅಷ್ಟೆ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ, ಹೋದ ಮಾತ್ರಕ್ಕೆ ಸಾಯುವುದೂ ಇಲ್ಲವೆಂದು ಸುಪ್ರೀಂ ಕೋರ್ಟು ಹೇಳಿ ಹೇಳಿ ದಣಿದಿದೆ.

ದಿನಾಂಕದ ಬೆಲೆ ಉಳ್ಳವರಿಗೆ ಎಂದೂ ಗೊತ್ತಿತ್ತು. ಭೂಮಿತಿಯ ಕಾನೂನು ಬರುವ ಸುಳಿವು ಸಿಕ್ಕಿದೊಡನೆ ನೆಂಟರಿಷ್ಟರ ಹೆಸರಿಗೆ ಜಮೀನು ಹಂಚಿಹಾಕಿದ ಧಣಿಗಳು ಯಾವ ದಿನ ರುಜು ಹಾಕಬೇಕೆಂಬುದನ್ನು ವಕೀಲರ ಬಳಿ ಕೂತು ಲೆಕ್ಕ ಹಾಕಿದ್ದರು. ಇತ್ತ ಗೇಣಿದಾರನಿಗೆ ಭೂಮಿ ಬಂದದ್ದು ಹೋರಾಟದಿಂದ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರಕಾರಕ್ಕೆ ಸೇರಿತು. ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ಕಾದು, ಒಂದೆರಡು ಎಕರೆ ಗದ್ದೆ ಪಡೆದವರ ಮಕ್ಕಳು ಇಂದು ಮುದುಕರಾಗಿದ್ದಾರೆ. ಧಣಿಯ ಕೈಯಿಂದ ಬಿಡಿಸಿಕೊಂಡ ಆ ಗದ್ದೆ ಈಗ ಮನೆಯೊಳಗೇ, ಒಂದು ಮಧ್ಯಾಹ್ನದಲ್ಲಿ, ಓದಲಾಗದ ನಾಲ್ಕು ಪುಟಗಳ ಮೇಲೆ ಕೈದಾಟುತ್ತಿದೆ.

ಇದರಲ್ಲಿ ಹೆಚ್ಚು ಸೋಲುವವಳು ಹೆಣ್ಣು. ಹೆಣ್ಣಿನ ಮೂಲಕ ಕುಟುಂಬವನ್ನು ಎಣಿಸುತ್ತಿದ್ದ ಅಳಿಯಸಂತಾನದ ನಾಡು ಇದು! 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಅದನ್ನು ಕಳೆಯುವ ಉಪಾಯ ಸುಲಭ. “ಒಂದು ರುಜು ಹಾಕು ತಂಗಿ, ಬ್ಯಾಂಕಿನ ಸಾಲಕ್ಕೆ” ಎಂದು ಬಂಟ್ವಾಳಕ್ಕೆ ಕರೆದೊಯ್ದರಾಯಿತು. ಮೋಸವೆಂದು ಆಕೆ ಮುಂದೆ ಸಿವಿಲ್ ಕೋರ್ಟಿನಲ್ಲಿ ರುಜುವಾತುಪಡಿಸಬಹುದು, ನಿಜ. ಬೀಡಿ ಕಟ್ಟಿ ಬಂದ ಹಣದಲ್ಲಿ ಎಷ್ಟು ವರ್ಷ?

ಮುದುಕರಿಗೆ 2007ರ ಹಿರಿಯ ನಾಗರಿಕರ ಕಾಯಿದೆಯಿದೆಯಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ರದ್ದುಪಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ದಸ್ತಾವೇಜು ಬರೆಯುವವರೋ, “ಪ್ರೀತಿ ವಿಶ್ವಾಸದಿಂದ” ಎಂಬ ಎರಡು ಪದ ಹಾಕಿ ಮುಗಿಸುತ್ತಾರೆ. ಗಂಜಿಯ ಮಾತು ಎಲ್ಲಿಯೂ ಇಲ್ಲ. ವೀಲುನಾಮೆ ಬರೆದರೆ ಅದು ಸತ್ತ ಮೇಲೆ ಮಾತ್ರ ಜಾರಿಗೆ ಬರುವುದು, ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂಬುದನ್ನು ಇವರಿಗೆ ಯಾರು ಹೇಳಿದ್ದಾರೆ? ಹೇಳಿದರೆ ಮಗ ಇನ್ನೊಬ್ಬ ಬರಹಗಾರನ ಬಳಿಗೆ ಹೋಗುತ್ತಾನೆ!

ಸರಕಾರವನ್ನು ನಾವು ಕೇಳುವುದು ದೊಡ್ಡದೇನಲ್ಲ. ದಾನಪತ್ರಕ್ಕಾಗಲಿ ಹಕ್ಕು ಬಿಡುಗಡೆಗಾಗಲಿ ರುಜು ಬೀಳುವ ಮೊದಲು, ಪಡೆಯುವವನನ್ನು ಹೊರಗೆ ನಿಲ್ಲಿಸಿ, ಕೊಡುವವರಿಗೆ ಅವರ ಮಾತಿನಲ್ಲಿ, ತುಳುವಾದರೆ ತುಳುವಿನಲ್ಲಿ, ಬ್ಯಾರಿಯಾದರೆ ಬ್ಯಾರಿಯಲ್ಲಿ, ಪತ್ರವನ್ನು ಪೂರ್ತಿ ಓದಿ ಹೇಳಬೇಕು. ಇಂದಿನಿಂದಲೇ ಈ ಜಾಗ ನಿಮ್ಮದಲ್ಲ ಎಂಬ ಮಾತು ಅದರಲ್ಲಿರಬೇಕು. ಮಕ್ಕಳಿಗೆ ಕೊಡುವ ಪ್ರತಿ ದಾನಪತ್ರದಲ್ಲಿ ಅನ್ನ, ಔಷಧಿ, ಮಲಗಲು ಜಾಗ ಕೊಡಬೇಕೆಂಬ ಷರತ್ತು ಅಚ್ಚಾಗಿಯೇ ಬರಲಿ. ಬೇಡವೆನಿಸಿದರೆ ದಾನಿಯೇ ತನ್ನ ಕೈಯಿಂದ ಅದನ್ನು ಹೊಡೆದುಹಾಕಲಿ.