ಕೀಬೋರ್ಡ್ ಕೊಳ್ಳುವಾಗ ಪೆಟ್ಟಿಗೆ ಓದಬೇಡಿ, ಕೀಲಿ ಒತ್ತಿ

ಮಕ್ಕಳೇ, ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೋ ಊರಿನ ದಾನಿಗಳೋ ಒಂದಿಷ್ಟು ಹಣ ಕೊಟ್ಟು, ‘ಒಂದು ಕೀಬೋರ್ಡ್ ತನ್ನಿ, ಪ್ರಾರ್ಥನೆಗೂ ಆಯಿತು, ವಾರ್ಷಿಕೋತ್ಸವಕ್ಕೂ ಆಯಿತು’ ಎಂದರು ಎಂದುಕೊಳ್ಳಿ. ಹಣ ಹೆಚ್ಚಿಲ್ಲ. ಒಮ್ಮೆ ಕೊಂಡರೆ ಇನ್ನು ಹತ್ತು ವರ್ಷ ಅದೇ ಗತಿ. ಅಂಗಡಿಗೆ ಹೋದಾಗ ನೀವು ಮೊದಲು ಏನನ್ನು ನೋಡುತ್ತೀರಿ?

ಈ ಪ್ರಶ್ನೆಯನ್ನು ನಾನು ಹಲವು ಶಾಲೆಗಳಲ್ಲಿ ಕೇಳಿದ್ದೇನೆ. ‘ಎಷ್ಟು ಟೋನ್ ಇದೆ ಅಂತ ನೋಡ್ತೀವಿ ಸರ್’ ಎಂಬ ಉತ್ತರವೇ ಹೆಚ್ಚು. ಪೆಟ್ಟಿಗೆಯ ಮೇಲೂ ಅದೇ ದಪ್ಪ ಅಕ್ಷರದಲ್ಲಿ ಇರುತ್ತದೆ: 100 ಟೋನ್, 400 ಟೋನ್, 600 ಟೋನ್! ನನ್ನ ಅಭಿಪ್ರಾಯದಲ್ಲಿ ಇದು ಕಟ್ಟಕಡೆಗೆ ನೋಡಬೇಕಾದ ಸಂಖ್ಯೆ. ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಎಂ.ಎಸ್ಸಿ. ಪದವಿಯಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯವರು ‘ನೀವು ವಿಜ್ಞಾನದವರು, ನೀವೇ ಆರಿಸಿ ತನ್ನಿ’ ಎಂದು ಹಣವನ್ನು ನನ್ನ ಕೈಗೆ ಕೊಟ್ಟರು. ನಾನು ಪೆಟ್ಟಿಗೆ ಓದಿದೆ. ನೂರಕ್ಕೂ ಹೆಚ್ಚು ಟೋನ್, ಹತ್ತಾರು ತಾಳ, ಬೆಲೆಯೂ ಕಡಿಮೆ. ಒಂದು ಕೀಲಿಯನ್ನೂ ಒತ್ತದೆ ಕೊಂಡು ತಂದೆ. ವಾರ್ಷಿಕೋತ್ಸವದ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ನುಡಿಸಲು ಕುಳಿತಳು. ಎಡಗೈಯಲ್ಲಿ ಸ-ಪ-ಸ ಮೂರು ಕೀಲಿ ಒತ್ತಿ ಶ್ರುತಿ ಹಿಡಿದಳು. ತಾಳ ಹಾಕಿದಳು. ಬಲಗೈಯಲ್ಲಿ ಹಾಡು ಶುರುವಾಯಿತು. ಹಾಡು ವೇಗ ಪಡೆಯುತ್ತಿದ್ದಂತೆ ಶ್ರುತಿ ಮಾಯ! ಅವಳು ಎಡಗೈ ನೋಡಿಕೊಂಡಳು. ಬೆರಳುಗಳು ಕೀಲಿಯ ಮೇಲೇ ಇದ್ದವು. ಮತ್ತೆ ಒತ್ತಿದಳು, ಬಂತು, ಮತ್ತೆ ಹೋಯಿತು. ಎರಡೂ ಕೈ ತೆಗೆದುಬಿಟ್ಟಳು. ಕೆಳಗಿಳಿದು ಬಂದು, ‘ನಾನು ಸರಿಯಾಗಿ ಒತ್ತಲಿಲ್ಲ ಸರ್’ ಎಂದು ಅತ್ತಳು.

ಅವಳ ಬೆರಳಿನಲ್ಲಿ ಏನೂ ತಪ್ಪಿರಲಿಲ್ಲ. ಆ ರಾತ್ರಿ ಕೈಪಿಡಿ ತೆರೆದು ನೋಡಿದೆ. ಕೊನೆಯ ಪುಟದಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಉತ್ತರವಿತ್ತು: ಏಕಕಾಲದಲ್ಲಿ ಗರಿಷ್ಠ 8 ಸ್ವರ.

ಹಾಗೆಂದರೇನು? ವೀಣೆಯಲ್ಲಿ ತಂತಿ ಇದೆ, ಹಾರ್ಮೋನಿಯಂನಲ್ಲಿ ಪ್ರತಿ ಸ್ವರಕ್ಕೂ ಲೋಹದ ನಾಲಿಗೆ ಇದೆ. ಡಿಜಿಟಲ್ ಕೀಬೋರ್ಡಿನಲ್ಲಿ ಇವಾವುವೂ ಇಲ್ಲ. ಅದರ ನೆನಪಿನ ಚಿಪ್ಪಿನಲ್ಲಿ ಧ್ವನಿಗಳು ಸಂಖ್ಯೆಗಳ ಸಾಲಾಗಿ ಕುಳಿತಿರುತ್ತವೆ. ಒಂದು ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆದು ಬರೆದಿರುತ್ತಾರೆ. ಇದೂ ಅದೇ ಜಾತಿಯ ಕೆಲಸ. ನೀವು ಕೀಲಿ ಒತ್ತಿದಾಗ ಚಿಪ್ ಆ ಸಾಲನ್ನು ಓದಿ ವಿದ್ಯುತ್ತಾಗಿ ಮಾರ್ಪಡಿಸಿ ಸ್ಪೀಕರಿಗೆ ಕಳಿಸುತ್ತದೆ. ಒಮ್ಮೆಗೆ ಎಷ್ಟು ಸಾಲು ಓದಬಲ್ಲದು ಎಂಬುದಕ್ಕೆ ಮಿತಿಯಿದೆ. ಇದನ್ನು ಪಾಲಿಫೋನಿ ಎನ್ನುತ್ತಾರೆ.

ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರು ಎಂಟೇ ಜನ. ಒಬ್ಬೊಬ್ಬರು ಒಂದೊಂದು ಸಾಲು ನೋಡಿಕೊಳ್ಳುತ್ತಿದ್ದಾರೆ. ಒಂಬತ್ತನೆಯ ಸಾಲಿನವರು ಕೂಗಿದರೆ? ಮೊದಲು ಕುಳಿತ ಸಾಲಿನಿಂದ ಒಬ್ಬನನ್ನು ಕರೆಯಬೇಕು. ಕೀಬೋರ್ಡಿನ ಚಿಪ್ ಕೂಡ ಸಾಮಾನ್ಯವಾಗಿ ಹೀಗೆಯೇ ಮಾಡುತ್ತದೆ. ಹೊಸ ಸ್ವರಕ್ಕೆ ಜಾಗ ಬೇಕಾದಾಗ ಹಳೆಯ ಸ್ವರವನ್ನು ಬಿಟ್ಟುಬಿಡುತ್ತದೆ. ಎಲ್ಲಕ್ಕಿಂತ ಹಳೆಯದು ಯಾವುದು? ಮೊದಲೇ ಒತ್ತಿ ಹಿಡಿದ ಶ್ರುತಿ! ತಾಳದ ಒಂದೊಂದು ಪೆಟ್ಟೂ ಒಬ್ಬ ಬಡಿಸುವವನನ್ನು ಕರೆದೊಯ್ಯುತ್ತದೆ. ಕೀಲಿ ಬಿಟ್ಟ ಮೇಲೂ ಗುಂಯ್‌ಗುಡುತ್ತ ಉಳಿಯುವ ಸ್ವರವೂ ಒಬ್ಬನನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೆಲವು ಟೋನ್‌ಗಳಿಗೆ ಒಂದು ಸ್ವರಕ್ಕೇ ಇಬ್ಬರು ಬೇಕು. ಎಂಟು ಎಲ್ಲಿ ಸಾಕು? ನಮ್ಮ ಸಂಗೀತದಲ್ಲಿ ಶ್ರುತಿ ತಪ್ಪಿದರೆ ಉಳಿದದ್ದೆಲ್ಲ ತಪ್ಪಿದಂತೆ. ಆದ್ದರಿಂದ 32 ಸ್ವರಕ್ಕಿಂತ ಕಡಿಮೆ ಪಾಲಿಫೋನಿ ಇರುವುದನ್ನು ಶಾಲೆಗೆ ತರಬಾರದು ಎಂಬುದು ನನ್ನ ಹಟ. ಅಂಗಡಿಯಲ್ಲಿ ಕೈಪಿಡಿ ಸಿಗದಿದ್ದರೂ ಚಿಂತೆಯಿಲ್ಲ. ಆ ಹುಡುಗಿ ಮಾಡಿದ್ದನ್ನೇ ನೀವೂ ಮಾಡಿ. ಸ-ಪ-ಸ ಹಿಡಿಯಿರಿ, ತಾಳ ಹಾಕಿ, ಬಲಗೈಯನ್ನು ಬೇಗಬೇಗ ಓಡಿಸಿ. ಕಿವಿ ಮಾತ್ರ ಶ್ರುತಿಯ ಮೇಲಿರಲಿ.

ಎರಡನೆಯ ಪರೀಕ್ಷೆಗೆ ಒಂದೇ ಬೆರಳು ಸಾಕು. ಪಿಯಾನೋ ಟೋನ್ ಇಟ್ಟು ಒಂದೇ ಕೀಲಿಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ. ಧ್ವನಿ ಎರಡು ಸಲವೂ ಒಂದೇ ರೀತಿ ಬಂದರೆ ಆ ಕೀಬೋರ್ಡಿಗೆ ಸ್ಪರ್ಶ ತಿಳಿಯುವುದಿಲ್ಲ. ಸ್ಪರ್ಶ ತಿಳಿಯುವ ಕೀಬೋರ್ಡಿನ ಒಳಗುಟ್ಟು ಬಹಳ ಸೊಗಸಾದದ್ದು. ಪ್ರತಿ ಕೀಲಿಯ ಕೆಳಗೆ ಒಂದಲ್ಲ, ಎರಡು ಸ್ವಿಚ್ಚುಗಳಿರುತ್ತವೆ. ಕೀಲಿ ಇಳಿಯುವಾಗ ಮೊದಲು ಒಂದು ಮುಟ್ಟುತ್ತದೆ, ತುಸು ತಡವಾಗಿ ಇನ್ನೊಂದು. ನಡುವಿನ ಸಮಯವನ್ನು ಚಿಪ್ ಅಳೆಯುತ್ತದೆ. ಸಮಯ ಕಡಿಮೆಯಾದರೆ ವೇಗ ಹೆಚ್ಚು, ವೇಗ ಹೆಚ್ಚಾದರೆ ಧ್ವನಿ ಜೋರು. ಅಂದರೆ ಅದು ನಿಮ್ಮ ಬಲವನ್ನು ಅಳೆಯುವುದೇ ಇಲ್ಲ! ದೂರ ಗೊತ್ತು, ಸಮಯ ಗೊತ್ತು, ವೇಗ ಕಂಡುಹಿಡಿ ಎಂಬ ನಿಮ್ಮ ಪಾಠದ ಲೆಕ್ಕವನ್ನೇ ಅದು ಪ್ರತಿ ಸ್ವರಕ್ಕೂ ಮಾಡುತ್ತಿರುತ್ತದೆ.

ಕ್ಯಾಸಿಯೋ ಕಂಪನಿ 2019ರಲ್ಲಿ ಹೊರತಂದ ಎರಡು ಮಾದರಿಗಳನ್ನು ಹೋಲಿಸಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ. ಸಿಟಿ-ಎಸ್200 ಮತ್ತು ಸಿಟಿ-ಎಸ್300. ಎರಡರಲ್ಲೂ 61 ಕೀಲಿ, ಎರಡರಲ್ಲೂ 400 ಟೋನ್, ಎರಡರಲ್ಲೂ 48 ಸ್ವರದ ಪಾಲಿಫೋನಿ. ಆದರೆ ಎರಡನೆಯದಕ್ಕೆ ಮಾತ್ರ ಸ್ಪರ್ಶ ತಿಳಿಯುತ್ತದೆ, ಮತ್ತು ಸ್ವರವನ್ನು ಜಾರಿಸುವ ಒಂದು ಚಕ್ರವಿದೆ. ಟೋನ್ ಎಣಿಸುವವರಿಗೆ ಎರಡೂ ಒಂದೇ. (ನಮ್ಮ ಕಡೆ ಯಾವ ಕೀಬೋರ್ಡನ್ನು ಕಂಡರೂ ‘ಕ್ಯಾಸಿಯೋ’ ಎನ್ನುವ ರೂಢಿ ಇದೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ಒಂದೇ ಕಂಪನಿಯದು ತೋರಿಸಿಯಾರು, ಎಚ್ಚರ!)

ಆ ಚಕ್ರದ ಬಗ್ಗೆ ಎರಡು ಮಾತು. ಕೀಲಿಗಳಿರುವ ವಾದ್ಯಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯಬಹುದೇ ಹೊರತು ಜಾರಲು ಬಾರದು. ಗಮಕ, ಮೀಂಡ್ ಬರುವುದಿಲ್ಲ. ಇಂಥ ಕಾರಣಗಳಿಂದಲೇ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಕೀಬೋರ್ಡಿನಲ್ಲಿ ಚಕ್ರ ತಿರುಗಿಸಿ ಈ ಕೊರತೆಯನ್ನು ಸ್ವಲ್ಪ ತುಂಬಬಹುದು. ಚೆನ್ನೈನ ಕೆ. ಸತ್ಯನಾರಾಯಣನ್ ಅವರು ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತದ ಕಛೇರಿ ನೀಡುತ್ತಾರೆ. ಹಣ ಸಾಲುವುದಾದರೆ ಚಕ್ರ ಇರಲಿ. ಸಾಲದಿದ್ದರೆ ಸ್ಪರ್ಶವನ್ನು ಮಾತ್ರ ಬಿಡಬೇಡಿ.

ಕೀಲಿಗಳ ಸಂಖ್ಯೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪಿಯಾನೋದಲ್ಲಿ 88 ಇವೆ, ನಮಗೆ ಅಷ್ಟು ಬೇಡ. 61 ಎಂದರೆ ಐದು ಸಪ್ತಕ ಮತ್ತು ಒಂದು ಕೀಲಿ. ಹಾರ್ಮೋನಿಯಂ ಮೂರು, ಮೂರೂವರೆ ಸಪ್ತಕದಲ್ಲೇ ಎಲ್ಲವನ್ನೂ ನುಡಿಸುತ್ತದೆ. ಕೀಲಿಯ ಅಗಲ ಮಾತ್ರ ಮುಖ್ಯ. ‘ಮಕ್ಕಳ ಕೈ ಚಿಕ್ಕದು, ಚಿಕ್ಕ ಕೀಲಿ ಸಾಕು’ ಎಂದು ಅಂಗಡಿಯವರು ಹೇಳುತ್ತಾರೆ. ಒಪ್ಪಬೇಡಿ. ಕೈ ಬೆಳೆಯುತ್ತದೆ, ಕೀಲಿ ಬೆಳೆಯುವುದಿಲ್ಲ. ನಿಮ್ಮ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲ್ ಒಯ್ಯಿರಿ. ಪಕ್ಕಪಕ್ಕದ ಏಳು ಬಿಳಿ ಕೀಲಿಗಳ ಅಗಲ ಸುಮಾರು ಹದಿನಾರೂವರೆ ಸೆಂಟಿಮೀಟರ್ ಇದ್ದರೆ ಅದು ಪೂರ್ಣ ಅಳತೆಯದು.

ಇನ್ನು ಹಿಂಬದಿ ನೋಡಿ. ಹೆಡ್‌ಫೋನಿನ ರಂಧ್ರ ಇರಬೇಕು. ಪಕ್ಕದ ತರಗತಿಗೆ ತೊಂದರೆಯಾಗದಂತೆ ಒಬ್ಬರು ಅಭ್ಯಾಸ ಮಾಡಬಹುದು, ಅದೇ ರಂಧ್ರದಿಂದ ಶಾಲೆಯ ಮೈಕ್ ಸೆಟ್ಟಿಗೂ ತಂತಿ ಎಳೆಯಬಹುದು. ಕಂಪ್ಯೂಟರಿಗೆ ಜೋಡಿಸುವ ಯು.ಎಸ್.ಬಿ. ಕಿಂಡಿ ಇದ್ದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡಲು ಮಿಡಿ ಎಂಬ ಒಂದು ಭಾಷೆ 1983ರಲ್ಲಿ ಬಂತು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೋ ಕಾಕೆಹಾಶಿ ಇದಕ್ಕೆ ಮುಖ್ಯ ಕಾರಣರು. ಪೈಪೋಟಿಯ ಎರಡು ಕಂಪನಿಗಳವರು! ಯಾವ ಕೀಲಿ, ಎಷ್ಟು ವೇಗ ಎಂಬುದನ್ನು ಅದು ಸಂಖ್ಯೆಯಲ್ಲಿ ಹೇಳುತ್ತದೆ. ವೇಗಕ್ಕೆ ಗರಿಷ್ಠ ಸಂಖ್ಯೆ 127. ಈ ಸಂಖ್ಯೆಗಳನ್ನು ಶಾಲೆಯ ಕಂಪ್ಯೂಟರಿಗೆ ಕಳಿಸಿದರೆ ಅಲ್ಲಿನ ಉಚಿತ ತಂತ್ರಾಂಶದಿಂದ ಹೊಸ ಟೋನ್‌ಗಳು ಬರುತ್ತವೆ. ಟೋನ್ ಆಮೇಲೂ ಸೇರಿಸಬಹುದು. ಕೀಲಿಯ ಕೆಳಗಿನ ಎರಡನೆಯ ಸ್ವಿಚ್ಚನ್ನು ಆಮೇಲೆ ಸೇರಿಸಲಾಗದು.

ಪ್ರಾರ್ಥನೆಗೆ ಮಾತ್ರ ಬೇಕು ಎಂದಾದರೆ ನಾನು ಕೀಬೋರ್ಡನ್ನೇ ಬೇಡ ಎನ್ನುತ್ತೇನೆ. ಒಂದು ಹಾರ್ಮೋನಿಯಂ ಕೊಳ್ಳಿ. ಅದಕ್ಕೆ ಕರೆಂಟಿನ ಹಂಗಿಲ್ಲ. ಕೀಬೋರ್ಡ್ ಕೊಳ್ಳುವುದಾದರೆ ಅದು ಸೆಲ್ಲಿನಲ್ಲೂ ನಡೆಯುವಂತಿರಲಿ. ಇಂಥ ಹಲವು ಮಾದರಿಗಳಿಗೆ ಒಂದೂವರೆ ವೋಲ್ಟಿನ 6 ಸೆಲ್ಲು, ಒಟ್ಟು 9 ವೋಲ್ಟ್ ಸಾಕು. ಅಡಾಪ್ಟರನ್ನು ಮಾತ್ರ ಕಂಡದ್ದನ್ನು ಸಿಕ್ಕಿಸಬೇಡಿ. ಕೆಲವು ವಾದ್ಯಗಳಲ್ಲಿ ನಡುವಿನ ಕಡ್ಡಿ ಧನ, ಕೆಲವುಗಳಲ್ಲಿ ಋಣ. ಹಿಂಬದಿಯಲ್ಲಿ ಚಿತ್ರ ಇರುತ್ತದೆ, ನೋಡಿ ಹೊಂದಿಸಿ.

ಹಳೆಯ ಕೀಬೋರ್ಡ್ ಕೊಳ್ಳಲು ಹೆದರಬೇಕಿಲ್ಲ. ಹೊಸ ಆಟಿಕೆಗಿಂತ ಹಳೆಯ ಒಳ್ಳೆಯ ವಾದ್ಯ ಎಷ್ಟೋ ವಾಸಿ. ಅಷ್ಟೂ ಕೀಲಿಗಳನ್ನು ಒಂದೊಂದಾಗಿ, ಒಂದೇ ಸಮನಾಗಿ ಒತ್ತಿ. ಒಂದೆರಡು ಮೂಕವಾಗಿದ್ದರೆ ಬೆಲೆ ಇಳಿಸಿ ಕೇಳಿ. ಕೀಲಿಯ ಕೆಳಗೆ ರಬ್ಬರಿನ ಪುಟ್ಟ ಬಟ್ಟಲು, ಅದರ ತಳಕ್ಕೆ ಇಂಗಾಲದ ಲೇಪ ಇರುತ್ತದೆ. ಎಷ್ಟೋ ಸಲ ಅಲ್ಲಿ ದೂಳು ಕುಳಿತಿರುತ್ತದೆ, ಒರೆಸಿದರೆ ಮಾತು ಬರುತ್ತದೆ.

ತಂದ ಮೇಲೆ ಅದನ್ನು ಮುಖ್ಯ ಶಿಕ್ಷಕರ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಇಷ್ಟೆಲ್ಲ ಪರೀಕ್ಷೆ ವ್ಯರ್ಥ. ವಿಜ್ಞಾನದ ತರಗತಿಗೂ ಅದು ಬರಲಿ. ಎ ಎಂಬ ಒಂದು ಕೀಲಿ ಸೆಕೆಂಡಿಗೆ 440 ಕಂಪನ ಕೊಡುತ್ತದೆ. ಅದಕ್ಕಿಂತ ಒಂದು ಸಪ್ತಕ ಮೇಲಿನದು 880, ಕೆಳಗಿನದು 220. ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇಟ್ಟು ನೀವೇ ಓದಬಹುದು. ಲೋಟದ ಬಾಯಿಗೆ ಬಲೂನು ಬಿಗಿದು, ಮೇಲೆ ನಾಲ್ಕು ಕಾಳು ಸಕ್ಕರೆ ಹಾಕಿ, ಸ್ಪೀಕರಿನ ಹತ್ತಿರ ಇಟ್ಟು ಒಂದೊಂದೇ ಕೀಲಿ ಒತ್ತುತ್ತ ಹೋಗಿ. ಯಾವ ಸ್ವರಕ್ಕೆ ಸಕ್ಕರೆ ಹೆಚ್ಚು ಕುಣಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಆ ಹುಡುಗಿಗೆ ನಾನು ಮರುದಿನವೇ ಕೈಪಿಡಿಯ ಕೊನೆಯ ಪುಟ ತೋರಿಸಿದೆ. ಎರಡು ಸಲ ಓದಿ, ‘ಹಾಗಾದರೆ ನನ್ನ ಕೈ ಸರಿ ಇತ್ತಾ ಸರ್?’ ಎಂದು ಕೇಳಿದಳು. ಮುಂದಿನ ವರ್ಷ ಶಾಲೆಗೆ ಇನ್ನೊಂದು ಕೀಬೋರ್ಡ್ ಕೊಳ್ಳುವಾಗ ಅಂಗಡಿಗೆ ಅವಳೂ ಬಂದಳು. ಮೂರು ಮಾದರಿಗಳನ್ನು ಬೇಡ ಎಂದು ನಾಲ್ಕನೆಯದನ್ನು ಆರಿಸಿದಳು. ನಾನು ತಂದಿದ್ದ ಹಳೆಯದು ಈಗ ಸ್ಕ್ರೂ ಬಿಚ್ಚಿದ ಸ್ಥಿತಿಯಲ್ಲಿ ನನ್ನ ಮೇಜಿನ ಮೇಲಿದೆ. ರಬ್ಬರಿನ ಬಟ್ಟಲು ಹೇಗಿರುತ್ತದೆ ಎಂದು ನೋಡಬೇಕಾದವರಿಗೆ ತೋರಿಸುತ್ತೇನೆ.