ಮೊದಲು ಬಂಧನ, ಮರುಕ್ಷಣವೇ ಕಾರಣ

2015ರ ಅಕ್ಟೋಬರ್‌ನಲ್ಲಿ, ಬ್ಯಾಂಕ್ ಸಾಲ ತೀರಿಸದ ಆರೋಪ ಹೊತ್ತ ಉದ್ಯಮಿ ವಿಜಯ್ ಮಲ್ಯ ಬಗ್ಗೆ ಸಿಬಿಐ ಹೊರಡಿಸಿದ ಲುಕ್‌ಔಟ್ ಸುತ್ತೋಲೆ, ಕಂಡರೆ ತಡೆಯಿರಿ ಎಂದಿತ್ತು. ಮರುತಿಂಗಳು ಅದು ಕಂಡರೆ ತಿಳಿಸಿ ಎಂದಾಯಿತು. 2016ರ ಮಾರ್ಚ್ 2ರಂದು ಮಲ್ಯ ದೆಹಲಿಯಿಂದ ಲಂಡನ್‌ಗೆ ಹಾರಿದರು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಬ್ಯಾಂಕುಗಳು ಆಮೇಲೆ ಸುಪ್ರೀಂ ಕೋರ್ಟಿಗೆ ಓಡಿದವು.

ಹಾಗಾಗಿ, ಗಡೀಪಾರು ವಾರಂಟ್ ಹೊರಟಿದೆ ಎಂದು ಆರೋಪಿಗೆ ಬಂಧನಕ್ಕೆ ಮುಂಚೆಯೇ ತಿಳಿಸಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಒಂದು ಗಡಿ ದಾಟಿ ಕುಳಿತವನಿಗೆ ಇನ್ನೊಂದು ಗಡಿ ದಾಟುವುದು ದೊಡ್ಡ ಮಾತಲ್ಲ. 2017ರ ಏಪ್ರಿಲ್‌ನಲ್ಲಿ ಮಲ್ಯ ತಾವೇ ಲಂಡನ್ನಿನ ಠಾಣೆಗೆ ಹೋಗಿ ಬಂಧನಕ್ಕೊಳಗಾದರು, ಅಂದೇ ಜಾಮೀನೂ ಪಡೆದರು, ನಿಜ. ಅಲ್ಲಿನ ಕೋರ್ಟಿನಲ್ಲೇ ಹೋರಾಡುವ ಲೆಕ್ಕಾಚಾರ ಅವರದಾಗಿತ್ತು. ಎಲ್ಲರೂ ಹಾಗೆ ಬಂದು ನಿಲ್ಲುವುದಿಲ್ಲ. ಚಿಲಿಯ ಸರ್ವಾಧಿಕಾರಿಯಾಗಿದ್ದ ಪಿನೋಚೆಯನ್ನು 1998ರ ಅಕ್ಟೋಬರ್ 16ರ ರಾತ್ರಿ ಲಂಡನ್ ಪೊಲೀಸರು ಆಸ್ಪತ್ರೆಯಲ್ಲೇ ಬಂಧಿಸಿದರು. ಸ್ಪೇನಿನ ನ್ಯಾಯಾಧೀಶ ಗಾರ್ಸೋನ್ ಕಳಿಸಿದ ಕೋರಿಕೆ ಒಂದು ದಿನ ಮುಂಚೆ ಕಿವಿಗೆ ಬಿದ್ದಿದ್ದರೆ ಆತ ಚಿಲಿಯ ವಿಮಾನ ಹತ್ತಿರುತ್ತಿದ್ದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಹಕೀಮ್ ಅಲ್ ಅರೈಬಿಯ ಪ್ರಕರಣ ನನ್ನನ್ನು ಕಾಡುತ್ತದೆ. ಬಹರೇನ್‌ನಿಂದ ತಪ್ಪಿಸಿಕೊಂಡು ಆಸ್ಟ್ರೇಲಿಯಾದಲ್ಲಿ ಆಶ್ರಯ ಪಡೆದ ಫುಟ್‌ಬಾಲ್ ಆಟಗಾರ ಆತ. 2018ರ ನವೆಂಬರ್‌ನಲ್ಲಿ ಮಧುಚಂದ್ರಕ್ಕೆಂದು ಹೆಂಡತಿಯೊಂದಿಗೆ ಬ್ಯಾಂಕಾಕ್‌ನಲ್ಲಿ ಇಳಿದಾಗ ವಿಮಾನ ನಿಲ್ದಾಣದಲ್ಲೇ ಹಿಡಿದರು. ಈ ಬಂಧನಕ್ಕೆ ಕಾರಣವಾದ, ನಿರಾಶ್ರಿತನ ಮೇಲೆ ಇರಲೇಬಾರದಾಗಿದ್ದ ಇಂಟರ್‌ಪೋಲ್ ರೆಡ್ ನೋಟಿಸ್ ಕೆಲವೇ ದಿನಗಳಲ್ಲಿ ರದ್ದಾಯಿತು. ಆತ ಹೊರಬಂದದ್ದು ಮಾತ್ರ ಮರುವರ್ಷದ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಜೈಲು, ಕಾಲಿಗೆ ಸಂಕೋಲೆ. ಇಂಥವರನ್ನು ಕಾಯುವುದು ಮುಂಚಿನ ಸುಳಿವಲ್ಲ. ಬಂಧಿಸಿದ ಕೂಡಲೇ ಕೈಗೆ ಬರುವ ಕಾಗದ, ಪಕ್ಕದಲ್ಲೊಬ್ಬ ವಕೀಲ, ಜಾಮೀನಿನ ಅರ್ಜಿ ಕೇಳುವ ಕೋರ್ಟು.

ಬ್ರಿಟನ್ನಿನ 2003ರ ಗಡೀಪಾರು ಕಾಯ್ದೆ, ಬಂಧನದ ನಂತರ ಸಾಧ್ಯವಾದಷ್ಟು ಬೇಗ ವಾರಂಟಿನ ಪ್ರತಿ ಕೊಡಬೇಕು ಎನ್ನುತ್ತದೆ. ನಮ್ಮ 1962ರ ಗಡೀಪಾರು ಕಾಯ್ದೆಯಡಿ, ಬೇರೆ ದೇಶದ ತುರ್ತು ಕೋರಿಕೆಯ ಮೇರೆಗೆ ಬಂಧಿಸಿದವರನ್ನು ಗಡೀಪಾರಿನ ಮನವಿ ಬರುವ ಮುನ್ನ 60 ದಿನ ಇಟ್ಟುಕೊಳ್ಳಬಹುದು. ಬಂಧನದ ಕಾರಣವನ್ನು ಬರವಣಿಗೆಯಲ್ಲೇ ಕೊಡಿ ಎಂದು ನಮ್ಮ ಸುಪ್ರೀಂ ಕೋರ್ಟ್ ಹಣ ಅಕ್ರಮ ವರ್ಗಾವಣೆ ಪ್ರಕರಣದಲ್ಲಿ 2023ರಲ್ಲೂ, ಯುಎಪಿಎ ಪ್ರಕರಣದಲ್ಲಿ 2024ರಲ್ಲೂ ಹೇಳಿದೆ. ಅದೇ ಮಾತನ್ನು 1962ರ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಬಂಧಿಸಿದ ದಿನವೇ, ಆರೋಪಿಗೆ ತಿಳಿಯುವ ಭಾಷೆಯಲ್ಲಿ, ಕಾರಣದ ಪ್ರತಿ ಕೈ ಸೇರಲಿ. ಸಂಸತ್ತು ಇದನ್ನು ಇನ್ನು ಮುಂದೂಡಬಾರದು.